ಬಿಲ್ವದ ಛಾಪು

1957, ಏಪ್ರಿಲ್ 20, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಉದಗೀರದ ಊರಾಚೆ ಇದ್ದ ಸಣ್ಣ ಮಿಷನ್ ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ಮನ್ಮಥಪ್ಪ ಮಾಸ್ತರರು ಜೀವಮಾನದಲ್ಲಿ ಮೊದಲ ಸಲ ಕೋಳಿಯ ತತ್ತಿಯೊಂದನ್ನು ಕೈಯಲ್ಲಿ ಹಿಡಿದರು. ಕುದಿಸಿ ಆರಿಸಿದ್ದ ಅದು ಇನ್ನೂ ತುಸು ಬೆಚ್ಚಗಿತ್ತು.

"ಅಷ್ಟ್ ದೂರ ಹಿಡೀಬ್ಯಾಡ್ರಿ ಮಾಸ್ತರ, ಅದೇನು ಚೇಳಲ್ಲ," ಎಂದು ನರ್ಸ್ ಮಾರ್ಥಾಬಾಯಿ ನಕ್ಕಳು.

ಮರುದಿನ ಈಸ್ಟರ್. ವಾರ್ಡಿನ ಮಕ್ಕಳೆಲ್ಲ ತತ್ತಿಗಳ ಮೇಲೆ ರಬ್ಬರಿನ ಛಾಪು ಒತ್ತುತ್ತಿದ್ದರು. ಹೂವು, ಚುಕ್ಕಿ, ಕೋಳಿಮರಿ. ಮಿಠಾಯಿಯ ಬಣ್ಣಕ್ಕೆ ಅಂಟು ಕಲಸಿ ಮಾರ್ಥಾಬಾಯಿಯೇ ಶಾಯಿ ಮಾಡಿದ್ದಳು. ಕವಚದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಶಾಯಿ ಒಳಗಿಳಿದರೆ ಏನು ಗತಿ ಎಂದು ನಿಲಂಗಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದರು.

ಮಗಳು ಗಿರಿಜಾಗೆ ಏಳು ವರ್ಷ. ಪಕ್ಕೆಯೊಳಗೆ ಕೀವು ಕಟ್ಟಿತ್ತು. ತೂಕ ನಲವತ್ತು ಪೌಂಡು ಮುಟ್ಟದೆ ಶಸ್ತ್ರಕ್ರಿಯೆ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೋದ ಸೋಮವಾರ ಮೂವತ್ತೆಂಟೂವರೆ ಇತ್ತು. ಹಾಲು ಕುಡಿದರೆ ಭೇದಿ, ಬೇಳೆಕಟ್ಟು ಕುಡಿದರೆ ವಾಂತಿ. ಉಳಿದದ್ದು ತತ್ತಿಯೊಂದೇ. ಆದರೆ ಅದನ್ನು ಮುಟ್ಟಿದರೆ ಕೊರಳಿನ ಲಿಂಗ ಬಿಟ್ಟು ಹೋಗುತ್ತದೆಂದು ಗಿರಿಜಾ ಆಯಿ ಎಂದು ಕರೆಯುವ ಅಜ್ಜಿ ಪ್ರಯಾಗಬಾಯಿ ದೇವಣಿಯಿಂದ ಬಂದಾಗಲೆಲ್ಲ ಮೊಮ್ಮಗಳ ಕಿವಿಯಲ್ಲಿ ಹೇಳಿ ಹೋಗುತ್ತಿದ್ದಳು.

ಆದರೂ ಗುರುವಾರ ಪಕ್ಕದ ಹಾಸಿಗೆಯ ಹುಡುಗಿಯ ಬಣ್ಣದ ತತ್ತಿ ನೋಡಿ ಗಿರಿಜಾ ತಾನೇ ಅಂದಿದ್ದಳು: "ಅಪ್ಪಾ, ನೀ ಹೂವಿನ ಛಾಪಾ ಹೊಡದು ಕೊಟ್ರ ನಾ ತಿಂತೀನಿ."

ಮಾಸ್ತರರು ಊರಿಗೆ ಹೋಗಿ ಶುಕ್ರವಾರವೆಲ್ಲ ಕೂತು ಛಾಪು ಕೊರೆದರು. ಚಪ್ಪಟೆ ಛಾಪನ್ನು ದುಂಡು ಮೈಗೆ ಒತ್ತಿದರೆ ನಡುಭಾಗವಷ್ಟೇ ಮೂಡುತ್ತದೆ. ಅದಕ್ಕೆ ಹಳೆ ಜೋಡಿನ ಹಿಮ್ಮಡದ ರಬ್ಬರನ್ನು ಉಸುಕಿನ ಕಾಗದದಿಂದ ತಿಕ್ಕಿ, ತತ್ತಿಯ ಬಾಗಿಗೆ ಕಣ್ಣಂದಾಜಿನಲ್ಲೇ ತಗ್ಗು ಮಾಡಿದರು. ಹೂವು ಕೊರೆಯಬೇಕೆಂದೇ ಚಾಕು ಹಿಡಿದದ್ದು. ಆದರೆ ಕೊರೆಯುವ ಮೊದಲೇ ಚಾಕು ಕೆಳಗಿಟ್ಟರು. ತತ್ತಿಯನ್ನು ಮಗಳ ಬಾಯಿಗೆ ತಾವೇ ಇಡಬೇಕಲ್ಲ! ದೇವರ ಗುರುತೊಂದು ಅದರ ಮೇಲಿದ್ದರೆ ಪಾಪ ಅರ್ಧ ಕಡಿಮೆಯಾದೀತೆನಿಸಿ, ಮೂರೆಲೆಯ ಬಿಲ್ವಪತ್ರೆ ಕೊರೆದರು.

ಈಗ ಆ ಛಾಪನ್ನು ಹಸಿರು ಶಾಯಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಒತ್ತಿ ಎತ್ತಿದರು. ಮೂರೂ ಎಲೆ, ನಡುವಿನ ನರ ಸಮೇತ, ಚೊಕ್ಕಾಗಿ ಮೂಡಿದವು.

"ಅಗದೀ ಛಲೋ ಬಂತ್ರಿ!" ಎಂದಳು ಮಾರ್ಥಾಬಾಯಿ.

ಗಿರಿಜಾ ಎರಡೂ ಕೈ ಚಾಚಿ ತತ್ತಿ ತೆಗೆದುಕೊಂಡಳು. ಅವಳ ಮುಖ ಅರಳಿದ್ದು ಎಷ್ಟೋ ದಿನದ ಮೇಲೆ. "ಬಿಲ್ಪತ್ರಿ! ಅಪ್ಪಾ, ನಮ್ಮ ಮನೀ ಗಿಡದ್ದೇ ಅದ ಇದು."

"ಹೌದವ್ವಾ. ತಾ, ಸುಲದು ಕೊಡ್ತೀನಿ."

ಹುಡುಗಿ ತತ್ತಿಯನ್ನು ಎದೆಗೊತ್ತಿಕೊಂಡಳು. "ಸುಲದ್ರ ಪತ್ರಿ ಹರೀತದ. ಪತ್ರಿ ತಿಂತಾರೇನ ಯಾರರೆ? ಅದು ದೇವರಿಗೆ ಏರಸೂದು."

"ಪತ್ರಿ ಸಿಪ್ಪಿ ಮ್ಯಾಲ ಅದ ಅವ್ವಾ, ಒಳಗಿಲ್ಲ."

"ಆಯಿ ಬೈತಾಳ."

ಮಾಸ್ತರರು ಗಡಬಡಿಸಿ ಮಾರ್ಥಾಬಾಯಿಯ ಬುಟ್ಟಿಯಿಂದ ಹೂವಿನ ಛಾಪಿನ ತತ್ತಿ ತೆಗೆದು ತೋರಿಸಿದರು. "ಇದು ನೋಡು, ಬರೇ ಹೂವು. ನೀನೇ ಕೇಳಿದ್ದಿ ಅಲ್ಲಾ?"

ಗಿರಿಜಾ ಅದನ್ನೂ ಇದನ್ನೂ ಬಹಳ ಹೊತ್ತು ನೋಡಿದಳು. "ಅದು ಇದರ ತಂಗಿನೇ ಅಲ್ಲೇನಪ್ಪಾ?" ಎಂದು ಮೆಲ್ಲಗೆ ಅಂದು, ಗೋಡೆಗೆ ಮುಖ ಮಾಡಿ ಮಲಗಿದಳು.

ಮಾರ್ಥಾಬಾಯಿ ನಗಲಿಲ್ಲ. "ಹೂವು ಕೇಳಿತ್ತು ಕೂಸು. ಹೂವೇ ಹೊಡದಿದ್ರ ಆಗತಿತ್ರಿ ಮಾಸ್ತರ," ಎಂದಷ್ಟೇ ಅಂದು ಬುಟ್ಟಿ ಎತ್ತಿಕೊಂಡು ಮುಂದಿನ ಹಾಸಿಗೆಗೆ ಹೋದಳು. ಮಾಸ್ತರರು ಬೆರಳಿಗೆ ಹತ್ತಿದ ಹಸಿರನ್ನು ಧೋತರದ ಅಂಚಿಗೆ ಒರೆಸಿಕೊಳ್ಳುತ್ತಲೇ ಕೂತರು.

ಭಾನುವಾರ ಮಕ್ಕಳೆಲ್ಲ ತಮ್ಮ ತಮ್ಮ ತತ್ತಿ ಒಡೆದು ತಿಂದರು. ಗಿರಿಜಾಳದು ತಲೆದಿಂಬಿನ ಪಕ್ಕದಲ್ಲಿ, ವಿಭೂತಿಯ ಮೂರು ಗೆರೆ ಹಚ್ಚಿಸಿಕೊಂಡು ಹಾಗೇ ಕೂತಿತ್ತು. ಅದರ ಮುಂದೆ ಕಣ್ಣು ಮುಚ್ಚಿ ಕೈ ಮುಗಿದಾಗ ಅವಳ ಮಣಿಕಟ್ಟಿನ ಬಳೆ ಮೊಣಕೈವರೆಗೂ ಜಾರಿತು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಮುಳ್ಳು ನಿಲ್ಲುವವರೆಗೂ ಕಾದು, ಮಾಸ್ತರರು ತಾವೇ ಬಗ್ಗಿ ಓದಿದರು. ಮೂವತ್ತೇಳೂವರೆ ಪೌಂಡು.