ಶವಪೆಟ್ಟಿಗೆಯ ಹಿಂದಿನ ಜಾಗ

"ಆ ಮುಸುಕು ತೆಗಿ. ಅದು ನಾಟಕದೋರು ಹಾಕ್ಕೊಳ್ಳೋದು," ಎಂದರು ಹಿರಿಯ ಕೌಂಟೆಸ್, ಬಾಗಿಲಲ್ಲೇ ನಿಂತು.

ಇಲ್ಕಾ ಮುತ್ತು ಹೊಲಿದ ಕಪ್ಪು ಮುಸುಕನ್ನು ತೆಗೆದು ಮಂಚದ ಮೇಲಿಟ್ಟಳು. ಕೆಳಗೆ ಹಜಾರದಲ್ಲಿ ಅವಳ ಗಂಡ ಬಾಲಿಂಟ್‌ನ ಶವಪೆಟ್ಟಿಗೆಯಿತ್ತು. ಬುಡಾಪೆಸ್ಟಿನ ಅಗಸಗಿತ್ತಿಯ ಮಗಳು, ಮೂಕಿಚಿತ್ರಗಳಲ್ಲಿ ಅತ್ತು ಅತ್ತೇ ಹೆಸರು ಮಾಡಿದವಳು, ಈ ಶ್ರೀಮಂತ ಮನೆತನದ ಒಬ್ಬನೇ ಮಗನನ್ನು ಕಟ್ಟಿಕೊಂಡಾಗ ಅತ್ತೆ ಕೌಂಟೆಸ್ ಮದುವೆಗೂ ಬಂದಿರಲಿಲ್ಲ. ಮಗ ಕ್ಷಯ ಹತ್ತಿಸಿಕೊಂಡು ಹೆಂಡತಿಯ ಜೊತೆ ಹಳ್ಳಿಯ ಬಂಗಲೆಗೆ ಮರಳಿದ ಮೇಲೂ ಊಟದ ಮೇಜಿನಲ್ಲಿ ಸೊಸೆಯ ತಟ್ಟೆ ಗುಮಾಸ್ತನ ಪಕ್ಕಕ್ಕೇ. ದೊಡ್ಡ ಮನೆ, ಸಣ್ಣ ಬುದ್ಧಿ. ಇನ್ನೇನು ಹೇಳೋಣ!

ಆದರೆ ಹಳೆಯ ಕೆಲಸದವಳು ಬೋರ್ಕಾಳ ಬಾಯಿ ಸುಮ್ಮನಿರುವಂಥದ್ದಲ್ಲ. "ಅಮ್ಮಾವ್ರೆ, ರಕ್ತ ಕಾರಿದ ಒಂದು ಬಟ್ಟೇನೂ ನಮ್ಮ ಕೈಗೆ ಕೊಡ್ಲಿಲ್ಲ ಈ ಹುಡುಗಿ. ಎಲ್ಲಾ ತಾನೇ ಒಗೆದ್ಲು. ನೀವು ನೋಡಿಟ್ಟಿದ್ದ ರಾಜಕುಮಾರಿಯರು ಒಗೀತಿದ್ರಾ?" ಎಂದು ಹಿಂದಿನ ರಾತ್ರಿ ಕೌಂಟೆಸ್ ಮುಖಕ್ಕೇ ಅಂದುಬಿಟ್ಟಿದ್ದಳು. ಆ ಮಾತು ನಾಟಿರಬೇಕು.

ಕೌಂಟೆಸ್ ತಮ್ಮ ಸಾದಾ ಕಪ್ಪು ಶಾಲನ್ನು ಇಲ್ಕಾಳ ತಲೆಗೆ ಹೊದಿಸಿದರು. "ಪೆಟ್ಟಿಗೆ ಹಿಂದೆ ನನ್ನ ಜೊತೆ ನಡಿ. ನಮ್ಮ ಮನೆತನದ ಗೋರಿಮನೆ ಒಳಗೂ ಬಾ. ಪೆಟ್ಟಿಗೆ ಇಡೋ ಗೂಡಲ್ಲಿ ಅವನ ಪಕ್ಕದ್ದು ನಿನಗೇ ಅಂತ ಪಾದ್ರಿಗೆ ಹೇಳ್ತೀನಿ."

"ಅಮ್ಮಾವ್ರೆ..."

"ಅತ್ತೆ ಅನ್ನು. ಆದ್ರೆ ನಮ್ಮನೇಲಿ ಯಾರೂ ಊರ ಮುಂದೆ ಅಳಲ್ಲ. ಅವನಪ್ಪ ಹೋದಾಗ ನಾನೂ ಅಳ್ಲಿಲ್ಲ. ಇವತ್ತು ನಿನ್ನ ಸಿನಿಮಾ ಬೇಡ ತಾಯಿ."

"ಇಲ್ಲ ಅತ್ತೆ. ನಿಮ್ಮಾಣೆ."

ಆ ಗೂಡೊಂದೇ ಅವಳಿಗೆ ಬೇಕಾಗಿದ್ದದ್ದು. "ಆ ಅಜ್ಜಂದಿರ ಮಧ್ಯೆ ಒಬ್ಬನೇ ಮಲಗೋಕೆ ಬೇಜಾರು ಕಣೇ, ನೀನೂ ಪಕ್ಕಕ್ಕೆ ಬಂದುಬಿಡು," ಎಂದು ಬಾಲಿಂಟ್ ಕೊನೆಯ ವಾರ ಕೆಮ್ಮಿನ ನಡುವೆಯೇ ನಕ್ಕಿದ್ದ.

ಚರ್ಚಿನ ಗಂಟೆ ಮೊಳಗಿತು. ಕರಗಿದ ಹಿಮದ ಕೆಸರಿನಲ್ಲಿ ಮೆರವಣಿಗೆ ಹೊರಟಿತು. ರೈತರು ಟೋಪಿ ತೆಗೆದು ದಾರಿಬದಿ ನಿಂತಿದ್ದರು. ಅತ್ತೆಯ ತೋಳು ಇಲ್ಕಾಳ ತೋಳಿನೊಳಗಿತ್ತು; ಅವಳು ಹಲ್ಲು ಕಚ್ಚಿಕೊಂಡು ಪೆಟ್ಟಿಗೆಯನ್ನೇ ನೋಡುತ್ತ ನಡೆದಳು. ಗೋರಿಮನೆಯ ಮೆಟ್ಟಿಲ ಬಳಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ವಾರ್ತಾಚಿತ್ರದವನೊಬ್ಬ ಕಾದಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಪೆಟ್ಟಿಗೆ ಹತ್ತಿರ ಬರುತ್ತಲೇ ಅವನು ಕ್ಯಾಮೆರಾದ ಹಿಡಿಕೆ ತಿರುಗಿಸತೊಡಗಿದ.

ಕರಕರ, ಕರಕರ. ವರ್ಷಗಟ್ಟಲೆ ಆ ಸದ್ದಿಗೆ ದುಡಿದ ಮೈ ಅವಳದು. ಹೆಜ್ಜೆ ನಿಧಾನವಾಯಿತು. ಗದ್ದ ಮೇಲೆದ್ದಿತು. ಮುಖದ ಎಡಭಾಗ ತಾನಾಗಿ ಬಿಸಿಲಿಗೆ ತಿರುಗಿತು. ಶಾಲು ಹಣೆಯಿಂದ ಹಿಂದೆ ಸರಿಯಿತು, ಸರಿಸಿದ್ದು ತನ್ನ ಕೈಯೇ ಎಂಬುದು ಅವಳಿಗೆ ತಿಳಿಯಲಿಲ್ಲ. ತಡೆದಿಟ್ಟ ಅಳು ಆಗಲೇ ಒಡೆದು ಬರಬೇಕೆ? ಅಯ್ಯೋ, ನಿಜವಾದ ಅಳು ಅದು! ಹೇಳಿದರೆ ಯಾರು ನಂಬುತ್ತಾರೆ?

ಅತ್ತೆಯ ತೋಳು ಹಿಂದಕ್ಕೆ ಸರಿಯಿತು.

"ಅತ್ತೆ, ನಾನು ಬೇಕಂತ ಅಲ್ಲ... ಹೆಂಗಾಯ್ತೋ ಗೊತ್ತಿಲ್ಲ..."

"ನನ್ನ ಮಗನ ಹೆಣಾನೂ ಬಿಡ್ಲಿಲ್ವಲ್ಲೇ ನೀನು," ಎಂದರು ಕೌಂಟೆಸ್. ದನಿ ಏರಲಿಲ್ಲ. ಪೆಟ್ಟಿಗೆಯ ಹಿಂದೆ ಒಬ್ಬರೇ ಮೆಟ್ಟಿಲಿಳಿದು, "ಬಾಗಿಲು ಹಾಕಿ," ಎಂದರು.

ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಕ್ಯಾಮೆರಾದವನು ಟೋಪಿ ಕೈಯಲ್ಲಿ ಹಿಡಿದು ಬಂದ. "ಏನ್ ಅಳು ಮೇಡಂ ಅದು! ದೇಶಕ್ಕೆ ದೇಶವೇ ಅಳುತ್ತೆ ನೋಡಿ." ಪಾಪ, ಮನಸಾರೆ ಹೇಳಿದ್ದ.

"ಹೋಗೋ, ನಿನ್ನ ಬಾಯಿಗೆ ಮಣ್ಣು ಹಾಕ!" ಎಂದಳು ಬೋರ್ಕಾ.

ಒಳಗೆ ಗೂಡು ಮುಚ್ಚುವ ಕಲ್ಲು ಎಳೆಯುವ ಸದ್ದು ಕೇಳಿತು. ಇಲ್ಕಾ ಗೋರಿಮನೆಯ ಹಿಂಬದಿಗೆ ಹೋದಳು. ಅಲ್ಲಿ ಬಿಸಿಲಿರಲಿಲ್ಲ, ಜನರೂ ಇರಲಿಲ್ಲ. ಪಾಚಿಗಟ್ಟಿದ ಗೋಡೆಯ ಮೇಲೆ ಅಂಗೈಯಿಟ್ಟು, ಅವನನ್ನು ಎಲ್ಲಿ ಮಲಗಿಸುತ್ತಿರಬಹುದೆಂದು ಸದ್ದಿನಲ್ಲೇ ಹುಡುಕುತ್ತ, ಒಂದೊಂದೇ ಕಲ್ಲು ತಡವಿಕೊಂಡು ನಡೆದಳು.