ಪರೀಕ್ಷೆಗೆ ಎತ್ತಿಟ್ಟ ಹಲ್ಲು

"ಏಯ್ ಮುಂಡೇದೇ, ಬಾಯಿ ತೆಗಿ ಅಂದ್ರೆ ತುಟಿ ಬಿಗಿಹಿಡ್ಕೊಂಡು ಕೂತಿದೀಯಲ್ಲ! ಪರೀಕ್ಷೆ ನಡೀತಿರೋದು ಕಾಣಲ್ವಾ?"

ಹೀಗೆ ಕೂಗಿದವರು ಹಲ್ಲಿನ ಕಾಲೇಜಿನ ದೊಡ್ಡ ಡಾಕ್ಟರು. ಕೂಗಿಸಿಕೊಂಡವಳು ನಾನು, ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ನೆಲ ಒರೆಸುವವಳು. ಇಲ್ಲಿ ಎಲ್ಲರೂ ನನ್ನನ್ನು ಬಾಯಿಬಡುಕಿ ಅಂತಲೇ ಕರೆಯುವುದು. "ಬಾಯಿ ಮುಚ್ಕೊಂಡು ಕೆಲಸ ಮಾಡೇ" ಎಂದು ಮೇಸ್ತ್ರಿ ದಿನಕ್ಕೆ ಹತ್ತು ಸಲವಾದರೂ ಗದರುತ್ತಾನೆ. ಇವತ್ತು ಮುಚ್ಚಿದ್ದೇನೆ. ಅದೂ ಆಗುವುದಿಲ್ಲವಲ್ಲ ಇವರಿಗೆ!

ನನ್ನ ಕೆಳದವಡೆಯ ಹಲ್ಲು ನೋಯಲು ಶುರುವಾಗಿ ಎರಡೂವರೆ ತಿಂಗಳು. ಮೊದಲ ವಾರವೇ ತೋರಿಸಿದ್ದೆ. ದೊಡ್ಡ ಡಾಕ್ಟರು ಬಾಯೊಳಗೆ ಇಣುಕಿ, ಬಂಗಾರ ಸಿಕ್ಕವರ ಹಾಗೆ ಹಿಗ್ಗಿದರು. "ಎಂಥಾ ಹುಳುಕು ಕಣ್ರೋ! ಪುಸ್ತಕದಲ್ಲಿರೋ ಹಾಗೇ ಇದೆ. ಯಾರೂ ಮುಟ್ಟಬೇಡಿ, ಪರೀಕ್ಷೆಗಿರಲಿ." ನೆಂಟರಿಗೆಂದು ಒಳ್ಳೆಯ ಲೋಟ ಎತ್ತಿಡುವ ಹಾಗೆ ನನ್ನ ಹಲ್ಲನ್ನು ಎತ್ತಿಟ್ಟರು. ಬೇರೆ ಕಡೆ ತೋರಿಸಿದರೆ ಕೆಲಸ ಹೋದಂತೆಯೇ ಎಂದು ಮೇಸ್ತ್ರಿ ಸೇರಿಸಿದ.

ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇದೆ. ಇದೇ ಮಹಾನುಭಾವರು ದಿನಾ ಬೆಳಿಗ್ಗೆ ಡಾಕ್ಟರಿಕೆ ಕಲಿಯುವ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಪಾಠ ಹೇಳುತ್ತಾರೆ: "ಹಲ್ಲು ನೋಡೋ ಮುಂಚೆ ಮನುಷ್ಯರನ್ನ ನೋಡಿ. ನೋವು ಎಷ್ಟು ದಿನದಿಂದ, ಬಿಪಿ ಇದೆಯಾ, ಶುಗರ್ ಇದೆಯಾ, ಊಟ ಸೇರ್ತಿದೆಯಾ, ಎಲ್ಲ ಕೇಳಿ." ಅವರ ಕಾಲಬುಡದಲ್ಲಿ ಒರೆಸುತ್ತಾ ಒರೆಸುತ್ತಾ ನನಗದು ಬಾಯಿಪಾಠವಾಗಿದೆ. ಪರೀಕ್ಷೆಗೆ ನಾನೇ ಕೂತರೂ ಪಾಸು.

ನನ್ನ ಪಾಲಿಗೆ ಬಂದ ಹುಡುಗಿ ಒಳ್ಳೆಯವಳು. "ಅಕ್ಕಾ, ಸ್ವಲ್ಪ ತಡ್ಕೊಳ್ಳಿ" ಎನ್ನುತ್ತಾ, ಪಾಠದಲ್ಲಿ ಹೇಳಿದ್ದನ್ನೆಲ್ಲ ಕೇಳಿ ಬರೆದುಕೊಂಡಿದ್ದಳು. "ಇವತ್ತೇ ಮಾಡಿಬಿಡ್ಲಾ ಸರ್?" ಎಂದು ಒಮ್ಮೆ ಕೇಳಿದ್ದಕ್ಕೆ "ಫೇಲಾಗೋ ಆಸೆನಾ?" ಎಂದು ಉಗಿಸಿಕೊಂಡಿದ್ದಳು.

ಇವತ್ತು ಆರು ಕುರ್ಚಿ, ಆರು ಬಾಯಿ, ಪರೀಕ್ಷೆ ಬರೆಯುವ ಆರು ಮಕ್ಕಳಿಗೆ ತಲಾ ಒಂದು. ನನ್ನ ಪಕ್ಕದಲ್ಲಿ ಮೂಟೆ ಹೊರುವ ಮಾವ. ಹೋದ ವರ್ಷದ ಪರೀಕ್ಷೆಯಲ್ಲಿ ಇವನದೂ ಒಂದು ಹಲ್ಲು ಕೊರೆದಿದ್ದರು. ಹೊತ್ತು ಮುಗಿಯಿತೆಂದು ಮಕ್ಕಳು ಎದ್ದುಹೋದರು. ಮಾರನೆಯ ದಿನ ಬಂದರೆ, "ಪರೀಕ್ಷೆ ಮುಗೀತಲ್ಲ, ಇನ್ನೇನು?" ಎಂದರು ದೊಡ್ಡ ಡಾಕ್ಟರು. ಅರ್ಧ ಕೊರೆದ ಹಲ್ಲು ಹಾಗೇ ಮುರಿದುಹೋಯಿತು. ಅದಕ್ಕೇ ಬೆಳಿಗ್ಗೆ ಒರೆಸುವ ನೆಪದಲ್ಲಿ ಉಳಿದ ಐವರ ಕಿವಿಯಲ್ಲೂ ಊದಿದ್ದೆ: "ನಾನು ಹೇಳೋವರೆಗೂ ಯಾರೂ ಬಾಯಿ ತೆಗೀಬೇಡಿ."

"ಲೋ, ನೀನಾದ್ರೂ ತೆಗಿಯೋ!" ಎಂದು ಡಾಕ್ಟರು ಮಾವನ ಕಡೆ ತಿರುಗಿದರು.

ಮಾವ ತುಟಿ ಒಳಗೆಳೆದುಕೊಂಡು ಸೂರು ನೋಡತೊಡಗಿದ. ಅವನಾಚೆ ಬಟ್ಟೆ ಒಗೆಯುವ ಅಜ್ಜಿ. ಅವಳಿಗಿರುವುದೇ ಮೂರು ಹಲ್ಲು, ಆದರೂ ಕೋಟೆ ಬಾಗಿಲು ಹಾಕಿದ ಹಾಗೆ ಬಾಯಿ ಬಿಗಿದಿದ್ದಳು! ನನಗೆ ನಗು ಉಕ್ಕಿತು. ನಗಲಿಕ್ಕೂ ಬಾಯಿ ಬಿಡಬೇಕಲ್ಲ, ಮೂಗಿನಲ್ಲೇ ನಕ್ಕೆ.

ಮೇಸ್ತ್ರಿ ಓಡಿಬಂದ. "ಏಯ್ ಬಾಯಿಬಡುಕಿ, ನಾಳೆಯಿಂದ ನಿನಗೆ ಕೆಲಸ ಇಲ್ಲ ನೋಡು!"

ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ? ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೂ ಬಾಯಿ ತೆರೆಯಲಿಲ್ಲ.

ಅಷ್ಟರಲ್ಲಿ ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ ಒಳಗೆ ಕಾಲಿಟ್ಟರು. "ಏನಿದು ಗಲಾಟೆ?"

"ಏನಿಲ್ಲ ಮೇಡಂ, ಪಾಪ, ಹೆದರ್ಕೊಂಡಿದಾರೆ" ಎಂದರು ದೊಡ್ಡ ಡಾಕ್ಟರು. ದನಿ ಬೆಣ್ಣೆಯಾಗಿತ್ತು.

ಪರೀಕ್ಷಕಿ ನಮ್ಮ ಹುಡುಗಿಯನ್ನು ಕೇಳಿದರು: "ಇವರಿಗೆ ನೋವು ಎಷ್ಟು ದಿನದಿಂದ?"

"ಎರಡೂವರೆ ತಿಂಗಳಿಂದ, ಮೇಡಂ."

"ಇಷ್ಟು ದಿನ ಯಾಕೆ ಬಿಟ್ರಿ?"

ಹುಡುಗಿ ದೊಡ್ಡ ಡಾಕ್ಟರ ಮುಖ ನೋಡಿದಳು. ನನ್ನ ಊದಿದ ಕೆನ್ನೆ ನೋಡಿದಳು. "ಪರೀಕ್ಷೆಗೆ ಬೇಕು ಅಂತ ಎತ್ತಿಟ್ಟಿದ್ವಿ, ಮೇಡಂ."

ಪರೀಕ್ಷಕಿ ಗಡಿಯಾರ ನೋಡಿದರು. "ಕಾಲು ಗಂಟೆಯೊಳಗೆ ಕೆಲಸ ಶುರುವಾಗದಿದ್ರೆ ಆರೂ ಮಕ್ಕಳು ಫೇಲು. ಯಾಕೆ ಅಂತಲೂ ನಾನು ಬರೀತೀನಿ."

ದೊಡ್ಡ ಡಾಕ್ಟರು ಬೆವರೊರೆಸಿಕೊಂಡು, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಬಗ್ಗಿದರು. "ಸ್ವಲ್ಪ ಬಾಯಿ ತೆಗೀರಮ್ಮ."

ತೆಗೀರಿ ಅಂದರು! ಅಮ್ಮ ಬೇರೆ!

ತೆಗೆದೆ. ಹುಡುಗಿ ಕನ್ನಡಿ ಹಿಡಿದು ಬಗ್ಗಿದಳು. ನಾನು ಕೈ ಅಡ್ಡ ಹಿಡಿದೆ. ಬಾಯಿ ತೆಗೆದದ್ದು ಮಾತಾಡಲಿಕ್ಕೆ.

"ಆರೂ ಜನರ ಹಲ್ಲು ಪೂರ್ತಿ ಸರಿಮಾಡ್ತೀನಿ, ಪರೀಕ್ಷೆ ಮುಗಿದ್ರೂ ಕೈಬಿಡಲ್ಲ ಅಂತ ಬರೆದು ಸಹಿ ಹಾಕಿ. ಮಾವನ ಮುರಿದ ಹಲ್ಲೂ ಸೇರಿಸಿ. ನನ್ನನ್ನ ಕೆಲಸದಿಂದ ತೆಗಿಯಲ್ಲ ಅಂತಾನೂ ಬರೀರಿ."

ಮತ್ತೆ ಮುಚ್ಚಿದೆ. ಹಲ್ಲು ಜುಂ ಎನ್ನುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

ದೊಡ್ಡ ಡಾಕ್ಟರು ಸುಮ್ಮನೆ ಜೇಬು ತಡಕಾಡಿದರು. "ಪೆನ್ನು ಬೇರೆ ತಂದಿಲ್ಲ..."

ಹುಡುಗಿ ಗ್ಲೌಸು ಕಳಚಿದಳು. ತನ್ನ ಪೆನ್ನಿನ ಮುಚ್ಚಳ ತೆಗೆದು ಅವರ ಮುಂದೆ ಹಿಡಿದಳು.

"ತೊಗೊಳ್ಳಿ ಸರ್. ಇನ್ನೂ ಹತ್ತು ನಿಮಿಷ ಇದೆ."