ಅಂಗಾಲಿಗೆ ಜಾಗವಿಲ್ಲ

ಕುರ್ಚಿ ಎಳೆದ ಸದ್ದು, ಒಳಗೆ, ನನ್ನದೇ ಕುರ್ಚಿ, ಒಂದು ಕಾಲು ಗಿಡ್ಡವಾದ್ದರಿಂದ ಹಾಗೆ ಕಿರುಗುಟ್ಟುತ್ತದೆ, ಈಗ ಅದರ ಮೇಲೆ ಹೊರದೇಶದ ಡಾಕ್ಟರು ಕೂತಿದ್ದಾರೆ, ಬಿಳಿ ತಲೆಯ ಹೆಂಗಸು, ಎದುರಿಗೆ ನಾವೆಲ್ಲ ಟೈಲರ್ ಎಂದು ಕರೆಯುವ ಕೈದಿ, ಪಕ್ಕದಲ್ಲಿ ದುಭಾಷಿ, ಮತ್ತೆ ನಾನು, ಹನ್ನೊಂದು ವರ್ಷದಿಂದ ಈ ಜೈಲಿನ ಡಾಕ್ಟರು, ನನ್ನ ಕೋಣೆಯ ಹೊರಗೇ ಬೆಂಚಿನ ಮೇಲೆ, ರೋಗಿಯ ಕಡೆಯವಳ ಹಾಗೆ — ಜೈಲಿನವರು ಯಾರೂ ಒಳಗಿರಬಾರದು, ಅದು ಅವರ ಸಮಿತಿಯ ನಿಯಮ, ದೇಶದೇಶ ಸುತ್ತಿ ಕೈದಿಗಳಿಗೆ ಹಿಂಸೆ ಕೊಡುತ್ತಾರೋ ಇಲ್ಲವೋ ಎಂದು ನೋಡುವವರು, ನಮ್ಮ ಸರ್ಕಾರವೇ ಸಹಿ ಹಾಕಿ ಬನ್ನಿ ಎಂದು ಕರೆದದ್ದು, ಒಂದು ವಾರದಿಂದ ಇಲ್ಲಿ ಸುಣ್ಣಬಣ್ಣ, ಹೊಸ ಬೆಡ್‌ಶೀಟು, ಬೀಗರು ಬರ್ತಿದಾರೇನ್ರೀ ಎಂದು ನಾನೇ ತಮಾಷೆ ಮಾಡಿದ್ದೆ, ಸೂಪರಿಂಟೆಂಡೆಂಟರೂ ನಕ್ಕರು, ಆಮೇಲೆ ನಗು ನಿಲ್ಲಿಸಿ, ಡಾಕ್ಟ್ರೇ, ಅವ್ರು ಶನಿವಾರ ವಿಮಾನ ಹತ್ತಿ ಹೋಗ್ತಾರೆ, ನಾವು ನೀವು ಇಲ್ಲೇ ಇರ್ಬೇಕಲ್ವಾ, ಹೌದು, ಟೈಲರ್ ಕೂಡ ಇಲ್ಲೇ ಇರಬೇಕು, ಅದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹೇಳಿಬಿಡಪ್ಪಾ ಟೈಲರ್, ಆಕೆಗೆ ಎಲ್ಲ ಹೇಳಿಬಿಡು. ಸೋಮವಾರ ಅವನನ್ನು ಇಬ್ಬರು ಎತ್ತಿಕೊಂಡು ಬಂದರು, ಬ್ಯಾರಕ್ಕಿನಲ್ಲಿ ಸಿಕ್ಕ ಫೋನು ಯಾರದ್ದು ಎಂದು ವಾರ್ಡರುಗಳು ಸ್ಟೋರ್ ರೂಮಿಗೆ ಕರೆದು ಕೇಳಿದ್ದರಂತೆ, ಕೇಳುವುದು ಅಂದರೆ — ಅಂಗಾಲು ಎರಡೂ ಊದಿ, ನೀಲಿಯಾಗಿ, ಲಾಠಿಯ ಅಗಲದ ಬಾಸುಂಡೆ ಒಂದರ ಪಕ್ಕ ಒಂದು, ನಾನು ನೋಡಿದೆ, ಮುಟ್ಟಿದೆ, ಮುಲಾಮು ಹಚ್ಚಿದೆ, ಕಾಲು ಅಂದರೆ ನನಗೆ ಗೊತ್ತು, ಅಪ್ಪ ಪೋಸ್ಟ್‌ಮ್ಯಾನ್, ಸಂಜೆ ಬಂದು ಕಾಲು ಚಾಚಿದರೆ ಹಿಮ್ಮಡಿಯ ಬಿರುಕಿಗೆ ಮುಲಾಮು ತುಂಬುವುದು ನನ್ನ ಕೆಲಸ, ಮೆಲ್ಲಗೆ ಕಣೇ, ನಾಳೇನೂ ಅದರ ಮೇಲೇ ನಡೀಬೇಕು, ಅಮ್ಮ ಒಳಗಿನಿಂದ, ಇವ್ಳು ಡಾಕ್ಟ್ರಾದ್ರೆ ಮೊದಲ್ನೇ ಪೇಷೆಂಟು ನೀವೇ ಬಿಡಿ — ಟೈಲರನೂ ಅಪ್ಪನ ಹಾಗೆ ನಾಳೆಯದನ್ನೇ ಕೇಳಿದ, ಹೊರಗೆ ಹೊಲಿಗೆ ಅಂಗಡಿ ಇಟ್ಟಿದ್ದವನು, ಡಾಕ್ಟ್ರಮ್ಮ, ಮುಂದೆ ಮಷೀನು ತುಳಿಯೋಕಾಗತ್ತಾ, ಆಗತ್ತೆ ಅಂದೆ, ಪೆನ್ನು ತೆಗೆದೆ, ಗಾಯದ ನಮೂನೆಯಲ್ಲಿ ಮನುಷ್ಯನ ಎರಡು ಚಿತ್ರ, ಮುಂದಿನಿಂದ ಒಂದು, ಹಿಂದಿನಿಂದ ಒಂದು, ಗಾಯವಿದ್ದ ಕಡೆ ಗುರುತು ಹಾಕಬೇಕು, ಎರಡರಲ್ಲೂ ಅವನು ನಿಂತಿದ್ದಾನೆ, ನಿಂತವನ ಅಂಗಾಲು ಕಾಣುವುದಿಲ್ಲ, ಗುರುತು ಹಾಕಲು ಜಾಗವೇ ಇಲ್ಲ, ಆಗ ನನಗೆ ಅನ್ನಿಸಿದ್ದು, ಇದನ್ನು ಯಾರಿಗೂ ಹೇಳಲಾರೆ, ಅನ್ನಿಸಿದ್ದು ಸದ್ಯ ಅಂತ. ಸದ್ಯ, ಬದುಕಿದೆ. ಬಚ್ಚಲಲ್ಲಿ ಜಾರಿ ಬಿದ್ದು ಪಾದ ಉಳುಕಿದೆ ಎಂದು ಬರೆದೆ, ಬೆನ್ನ ಹಿಂದೆ ನಿಂತಿದ್ದ ಹೆಡ್ ವಾರ್ಡರ್ ಓದಿಕೊಂಡು ಹೂಂ ಎಂದ, ಸಹಿ ಮಾಡಿದೆ, ಅಂದು ಸಂಜೆ ಮಗಳ ಹೊಸ ಶೂ ಬಿಗಿಯೇನೋ ಎಂದು ಬೆರಳಿಂದ ಒತ್ತಿ ನೋಡಿದವಳು ಶೂ ಕಳಚಿ ಅವಳ ಅಂಗಾಲು ತಿರುವಿ ನೋಡಿದೆ, ಯಾಕಮ್ಮಾ, ಏನಿಲ್ಲ ಕಣೇ, ಮೂರು ದಿನದಿಂದ ಯಾರು ಎದುರು ಬಂದರೂ ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ.

ಹೇಳಿಬಿಡು, ನೀನು ಹೇಳಿದರೆ ನಾನು ಹೇಳಬೇಕಾಗಿಲ್ಲ, ಅಷ್ಟೇ ನನ್ನ ಆಸೆ, ನಾಚಿಕೆಗೆಟ್ಟ ಆಸೆ, ಆ ಹೆಂಗಸು ಹೊರಗೆ ಬಂದು ಇದು ನೀವೇ ಬರೆದದ್ದಾ ಎಂದರೆ ತಲೆ ತಗ್ಗಿಸಿ ನಿಂತರಾಯಿತು, ಕೆಲಸ ಹೋದರೆ ಹೋಗಲಿ, ತಲೆ ತಗ್ಗಿಸುವುದು ನನಗೆ ಬರುತ್ತದೆ — ಕಾರಿಡಾರಿನ ಆ ತುದಿಯಲ್ಲಿ ಹೆಡ್ ವಾರ್ಡರ್, ಬೀಗದ ಕೈ ಗೊಂಚಲು ಝಣ್ ಝಣ್, ಒಳಗೆ ಮಾತು ನಿಂತಿತು, ಇಷ್ಟು ಬೇಗವೇ, ಹತ್ತು ನಿಮಿಷವೂ ಆಗಿಲ್ಲ, ಬಾಗಿಲು ತೆರೆಯಿತು, ಟೈಲರ್, ಬರಿಗಾಲು, ಚಪ್ಪಲಿ ಹಿಡಿಸುವುದಿಲ್ಲವಲ್ಲ, ಗೋಡೆ ಹಿಡಿದು ಬರುತ್ತಾನೆ, ಮೊದಲು ವಾರ್ಡರನ ಕಡೆ ನೋಡಿದ, ಆಮೇಲೆ ನನ್ನ ಕಡೆ, ತಗ್ಗಿದ ದನಿಯಲ್ಲಿ, ಹೆದರ್ಬೇಡಿ ಡಾಕ್ಟ್ರಮ್ಮ, ನೀವು ಬರ್ದಿದ್ದನ್ನೇ ಹೇಳ್ದೆ, ಕಾಲು ತೋರ್ಸು ಅಂದ್ರು, ಬೇಡ ಅಂದೆ, ಬಿಟ್ರು, ಅವ್ರು ಬಲವಂತ ಮಾಡಲ್ಲ — ನಗುತ್ತಾನೆ, ನನಗೆ ಧೈರ್ಯ ಹೇಳುತ್ತಿದ್ದಾನೆ, ಅವನು, ನನಗೆ, ಈಗ ಬಿಳಿ ತಲೆಯ ಹೆಂಗಸು ಬಾಗಿಲಲ್ಲಿ ನಿಂತು ಏನೋ ಕೇಳುತ್ತಾಳೆ, ದುಭಾಷಿ ಮೆತ್ತಗೆ, ನೀವೇನಾದ್ರೂ ಹೇಳೋದಿದ್ಯಾ ಅಂತಿದಾರೆ, ಗೊಂಚಲಿನ ಸದ್ದು ನಿಂತಿದೆ, ಹೇಳಿದರೆ ಶನಿವಾರದ ಮೇಲೆ ಅವನ ಗತಿ ಏನು, ಹೇಳದಿದ್ದರೆ, ಹೇಳದಿದ್ದರೆ ನಾನು, ಬಾಯಿ ತೆರೆದಿದ್ದೇನೆ, ಹೊಸಿಲ ಮುಂದೆ ಈಗಷ್ಟೇ ಒರೆಸಿದ ನೀರು, ಅದನ್ನು ತುಳಿದು ಹೋಗಿದ್ದಾನೆ, ಒಣ ನೆಲದ ಮೇಲೆ ಅವನ ಹೆಜ್ಜೆ, ಅಂಗಾಲು ಊರಲಾರದವನ ಹೆಜ್ಜೆ, ಹೊರ ಅಂಚು ಮಾತ್ರ, ಒಂದು ಗೆರೆ, ಕಿರುಬೆರಳು, ನಡುವೆ ಏನೂ ಇಲ್ಲ, ಮತ್ತೊಂದು ಹೆಜ್ಜೆ, ಗೆರೆ, ಕಿರುಬೆರಳು, ಮೊದಲನೆಯದು ಆರಿತು, ಎರಡನೆಯದು ಆರುತ್ತಿದೆ, ಗೆರೆ, ಕಿರುಬೆರಳು, ಗೆರೆ —